ದೊಡ್ಡಪ್ಪನ ಮಾತಿನ ಹಲಗೆ

ನಮ್ಮ ಆಫೀಸಿನಲ್ಲಿ ಯಾರೂ ಕೆಟ್ಟ ಮನಸ್ಸಿನಿಂದ ಕೆಲಸ ಮಾಡುವುದಿಲ್ಲ. ಹಾಳಾಗುವುದೆಲ್ಲ ಒಳ್ಳೆಯ ಮನಸ್ಸಿನಿಂದಲೇ ಹಾಳಾಗುತ್ತದೆ. ದೊಡ್ಡಪ್ಪನ ಮಾತು ಎರಡನೇ ಸಲ ಹೋದದ್ದು ಹಾಗೆ. ಮೊದಲ ಸಲ ಹೋದದ್ದು ಪಾರ್ಶ್ವವಾಯುವಿನಿಂದ. ಅದಕ್ಕೆ ಯಾರನ್ನೂ ಬೈಯುವ ಹಾಗಿರಲಿಲ್ಲ. ಎರಡನೇ ಸಲ ಹೋದದ್ದು ನಮ್ಮ ಆಮೇಲಯ್ಯ ಬರೆದ ಒಂದು ಸಾಲಿನಿಂದ. ಅದಕ್ಕೆ ಬೈಯಬಹುದಿತ್ತು, ಬೈದೆ.

ದೊಡ್ಡಪ್ಪ ಕಾರು ಕಲಿಸುವ ಮೇಷ್ಟ್ರಾಗಿದ್ದರು. ಆ ಕಾರುಗಳಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಜೀವಮಾನವೆಲ್ಲ ಆ ಸೀಟಿನಲ್ಲಿ ಕೂತವರಿಗೆ, ಪಕ್ಕದಲ್ಲಿರುವವರು ಇನ್ನೇನು ಯಾವುದಕ್ಕಾದರೂ ಗುದ್ದಿಯೇ ಬಿಡುತ್ತಾರೆ ಎಂಬ ನಂಬಿಕೆ ಬಂದುಬಿಡುತ್ತದೆ. ದೊಡ್ಡಪ್ಪ ಮನೆಗೆ ಬಂದ ಮೇಲೂ ಆ ಸೀಟಿನಿಂದ ಇಳಿಯುತ್ತಿರಲಿಲ್ಲ. ದೊಡ್ಡಮ್ಮ ಫೋನಿನಲ್ಲಿ ಸ್ವಲ್ಪ ಹೆಚ್ಚು ಹೊತ್ತು ಮಾತಾಡಿದರೆ "ಬ್ರೇಕ್!" ಎಂದು ಕೂಗುವರು. ಅವಳ ಕೈಯಿಂದ ಲೋಟ ಜಾರಿದರೆ "ಕಣ್ಣು ಎಲ್ಲಿಟ್ಟಿದ್ದೆ?" ಏನಾದರೂ ಮರೆತರೆ "ಬುದ್ಧಿ ಇದೆಯಾ ನಿಂಗೆ?" ಕೆಟ್ಟ ಮನುಷ್ಯರಲ್ಲ. ಹೆಂಡತಿಗೆ ಜ್ವರ ಬಂದರೆ ರಜೆ ಹಾಕಿ ಪಕ್ಕದಲ್ಲೇ ಕೂತು, ಯಾಕೆ ಜ್ವರ ಬರಿಸಿಕೊಂಡೆ ಎಂದು ಬೈಯುವ ಪೈಕಿ. ಮಕ್ಕಳಿಲ್ಲದ ಆ ಮನೆಯಲ್ಲಿ ಬೈಸಿಕೊಳ್ಳಲು ಇದ್ದವಳು ದೊಡ್ಡಮ್ಮ ಒಬ್ಬಳೇ. ಎರಡು ಬೀದಿ ಆಚೆ ಇದ್ದ ನನ್ನ ಪಾಲಿಗೂ ಆಗಾಗ ಸ್ವಲ್ಪ ಬರುತ್ತಿತ್ತು.

ಪಾರ್ಶ್ವವಾಯು ಬಡಿದ ಮೇಲೆ ಅವರ ಬಲಗೈ ಹೋಯಿತು, ಮಾತು ಪೂರ್ತಿ ಹೋಯಿತು. ಬುದ್ಧಿ, ಸಿಟ್ಟು ಎರಡೂ ಇದ್ದ ಹಾಗೇ ಇದ್ದವು. ನಾನು ಕೆಲಸ ಮಾಡುವ ಕಂಪನಿ ತಯಾರಿಸುವುದು ಇಂಥವರಿಗೆಂದೇ ಒಂದು ಮಾತಿನ ಹಲಗೆ. ಒಂದು ಟ್ಯಾಬ್, ಅದರ ಪರದೆಯ ತುಂಬ ಚೌಕಗಳು, ಪ್ರತಿ ಚೌಕದಲ್ಲೂ ಒಂದು ಚಿತ್ರ. ಒತ್ತಿದರೆ ಆ ಮಾತು ಕೇಳಿಸುತ್ತದೆ. ಅದರ ಪರದೆಯ ಕೆಲಸ ನನ್ನದು. ಮೇಲಿನವರನ್ನು ಕಾಡಿ ಬೇಡಿ, ಪ್ರಯೋಗಕ್ಕೆಂದು ಇಟ್ಟಿದ್ದ ಒಂದು ಟ್ಯಾಬನ್ನು ದೊಡ್ಡಪ್ಪನಿಗೆ ತಂದುಕೊಟ್ಟೆ.

ಪೆಟ್ಟಿಗೆಯಿಂದ ತೆಗೆದಾಗ ಹಲಗೆಯಲ್ಲಿ ಕಂಪನಿಯವರು ತುಂಬಿಟ್ಟ ಮಾತುಗಳಿರುತ್ತವೆ. ನೀರು, ನೋವು, ಹಸಿವು, ಬೇಕು, ಬೇಡ, ದಯವಿಟ್ಟು, ಧನ್ಯವಾದಗಳು. ವಾರ್ತೆ ಓದಿ ಅಭ್ಯಾಸವಿದ್ದ ಒಬ್ಬ ಹೆಂಗಸನ್ನು ಕರೆಸಿ ಹೇಳಿಸಿದ ಧ್ವನಿ. ವಾರಕ್ಕೊಮ್ಮೆ ಮನೆಗೆ ಬಂದು ಮಾತಿನ ವ್ಯಾಯಾಮ ಮಾಡಿಸುವ ಟೀಚರಮ್ಮ ಅದನ್ನು ಕೇಳಿ ಮುಖ ಸಿಂಡರಿಸಿದರು.

"ಇದು ಯಾರ ಮಾತು? ಇವರು ಯಾವತ್ತಾದ್ರೂ ದಯವಿಟ್ಟು ಅಂದಿದ್ರಾ?" ಎಂದು ದೊಡ್ಡಮ್ಮನನ್ನು ಕೇಳಿದರು.

"ಅಂದಿದ್ರೆ ನಂಗೇ ಪಾರ್ಶ್ವವಾಯು ಬಡೀತಿತ್ತು" ಎಂದಳು ದೊಡ್ಡಮ್ಮ.

"ಹಾಗಾದ್ರೆ ಇವರು ನಿಜವಾಗ್ಲೂ ಆಡ್ತಿದ್ದ ಮಾತುಗಳನ್ನೇ ಹಾಕಿ. ಮನೆಯವರ ಧ್ವನೀಲೇ ಹಾಕಿ. ಆಗ ಒತ್ತೋಕೆ ಮನಸ್ಸು ಬರುತ್ತೆ."

ಮನೆಯವರೆಂದರೆ ದೊಡ್ಡಮ್ಮ. ಹೀಗಾಗಿ ಅವಳು ದಿನವೂ ಟ್ಯಾಬ್ ಮುಂದೆ ಕೂತು ಒಂದೊಂದೇ ಮಾತು ತುಂಬಿದಳು. ದೊಡ್ಡಪ್ಪ ಎಡಗೈಯಲ್ಲಿ ಸನ್ನೆ ಮಾಡುವರು, ಇವಳು ಊಹಿಸುವಳು. ಸರಿಯಾದರೆ ಅವರು ತಲೆ ಆಡಿಸುವರು, ಇವಳು ಬಾಯಿ ಟ್ಯಾಬಿನ ಹತ್ತಿರ ತಂದು ಹೇಳುವಳು. "ಕುರ್ಚಿ ರಸ್ತೆ ಕಡೆ ತಿರುಗಿಸು." "ರೇಡಿಯೋ ಹಾಕು." "ಉಪ್ಪು." "ಬ್ರೇಕ್!" ನನಗೂ ಒಂದು ಚೌಕ ಸಿಕ್ಕಿತು. ನನ್ನ ಫೋಟೋ ಒತ್ತಿದರೆ "ಬಂದ್ಲಾ ಮಹಾರಾಣಿ" ಎನ್ನುತ್ತಿತ್ತು. ಹಲಗೆ ತುಂಬುವ ಹೊತ್ತಿಗೆ ದೊಡ್ಡಪ್ಪ ಮೊದಲಿನ ದೊಡ್ಡಪ್ಪನೇ ಆಗಿದ್ದರು. ಒಂದೇ ವ್ಯತ್ಯಾಸ. "ಬುದ್ಧಿ ಇದೆಯಾ ನಿಂಗೆ?" ಎಂದು ದೊಡ್ಡಮ್ಮನನ್ನು ಕೇಳುತ್ತಿದ್ದದ್ದು ಈಗ ದೊಡ್ಡಮ್ಮನದೇ ಧ್ವನಿ. ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಅವಳೂ ನಕ್ಕಳು ಎಂದೇ ನನ್ನ ನೆನಪು.

ಇನ್ನು ಆಮೇಲಯ್ಯನ ವಿಷಯ. ನನ್ನ ಪಕ್ಕದ ಮೇಜಿನವನು. ಏನು ಕೇಳಿದರೂ "ಆಮೇಲೆ ಮಾಡ್ತೀನಿ" ಎನ್ನುವುದರಿಂದ ಆಫೀಸಿನಲ್ಲಿ ಆ ಹೆಸರು. ಕೆಲಸಗಾರ, ಇಲ್ಲವೆನ್ನುವುದಿಲ್ಲ. ಹಲಗೆಯ ತಂತ್ರಾಂಶವನ್ನು ಬಂಡಲ್ ಕಟ್ಟಿ ಕಳಿಸುವುದು ಅವನ ಹೊಣೆ. ಬಂಡಲ್ ಎಂದರೆ ಹೆಸರೇ ಹೇಳುವ ಹಾಗೆ ಒಂದು ಗಂಟು. ಅದರಲ್ಲಿ ತಂತ್ರಾಂಶವೂ ಇರುತ್ತದೆ, ಜೊತೆಗೆ ಮೊದಲ ದಿನಕ್ಕೆ ಬೇಕಾದ ಚಿತ್ರ, ಧ್ವನಿ, ಮಾತುಗಳೂ ಇರುತ್ತವೆ. ಟ್ಯಾಬಿನ ಮಾತುಗಳೆಲ್ಲ ಇರುವ ಜಾಗಕ್ಕೆ ರೆಪೊಸಿಟರಿ ಎನ್ನುತ್ತಾರೆ. ನಾವು ಉಗ್ರಾಣ ಎನ್ನುತ್ತೇವೆ. ಗಂಟು ಬಂದ ಕೂಡಲೇ ತಾನೇ ಬಿಚ್ಚಿಕೊಂಡು, ತಂದದ್ದನ್ನು ಉಗ್ರಾಣದಲ್ಲಿ ಜೋಡಿಸುತ್ತದೆ. ಹೇಗೆ ಜೋಡಿಸಬೇಕು ಎಂದು ಅದರ ತಲೆಯ ಮೇಲೇ ಒಂದು ಸಾಲು ಬರೆದಿರಬೇಕು. ಯಾವ ಕಪಾಟಿಗೆ ಇಳಿಸಬೇಕು, ಮುಂದೆ ಗಂಟನ್ನು ತೆಗೆದುಹಾಕಿದರೆ, ಅದು ವಾಪಸ್ ಹೋಗುವಾಗ ತಂದದ್ದನ್ನು ಒಯ್ಯಬೇಕೋ ಬಿಟ್ಟುಹೋಗಬೇಕೋ. ಎಲ್ಲಕ್ಕಿಂತ ಮುಖ್ಯವಾಗಿ, ಆ ಜಾಗದಲ್ಲಿ ಮೊದಲೇ ಏನಾದರೂ ಇದ್ದರೆ ಅದನ್ನು ಮುಟ್ಟದೆ ಬಿಡಬೇಕೋ, ಕಿತ್ತೆಸೆದು ತನ್ನದನ್ನು ಇಡಬೇಕೋ.

ಏನೂ ಹೇಳದಿದ್ದರೆ ಗಂಟು ಮರ್ಯಾದಸ್ಥ ನೆಂಟರ ಹಾಗೆ ಇದ್ದದ್ದನ್ನು ಮುಟ್ಟುವುದಿಲ್ಲ. ಅದೇ ಆಮೇಲಯ್ಯನಿಗೆ ತಲೆನೋವಾಯಿತು. ಅವನು ತನ್ನ ಯಂತ್ರದಲ್ಲಿ ಚಿತ್ರ ಬದಲಿಸಿ ಬದಲಿಸಿ ಪರೀಕ್ಷೆ ಮಾಡುತ್ತಿದ್ದ. ಹೊಸ ಚಿತ್ರ ಹಾಕಿದರೂ ಹಳೆಯದೇ ಕಾಣುತ್ತಿತ್ತು, ಏಕೆಂದರೆ ಹಳೆಯದು ಅಲ್ಲಿತ್ತು. ಬೇಸತ್ತು ಆ ಸಾಲಿಗೆ "ಓವರ್‌ರೈಟ್ ಟ್ರೂ" ಎಂದು ಸೇರಿಸಿದ. ಇದ್ದದ್ದನ್ನು ಕಿತ್ತೆಸೆ ಎಂದು ಅರ್ಥ. ಪರೀಕ್ಷೆ ಮುಗಿದ ಮೇಲೆ ತೆಗೆಯಬೇಕಿತ್ತು. ಆಮೇಲೆ ತೆಗೆಯುತ್ತೇನೆ ಅಂದುಕೊಂಡ. ಅದನ್ನೂ ಒಳ್ಳೆಯ ಮನಸ್ಸಿನಿಂದಲೇ ಅಂದುಕೊಂಡ.

ನಮ್ಮ ಹಲಗೆ ಬಳಸುವ ಚಿಕಿತ್ಸಾ ಕೇಂದ್ರಗಳಲ್ಲಿ ಇದರಿಂದ ತೊಂದರೆಯಾಗಲಿಲ್ಲ. ಅಲ್ಲಿನವರು ಕಂಪನಿಯ ಹಲಗೆಯನ್ನು ಹಾಗೇ ಬಿಟ್ಟು, ಪ್ರತಿ ರೋಗಿಗೂ ಬೇರೆ ಹೆಸರಿನಲ್ಲಿ ನಕಲು ಮಾಡಿಕೊಳ್ಳುತ್ತಾರೆ. ದೊಡ್ಡಮ್ಮನಿಗೆ ನಕಲು ಗಿಕಲು ಗೊತ್ತಿರಲಿಲ್ಲ. ಕೈಗೆ ಬಂದ ಹಲಗೆಯಲ್ಲೇ, ಕಂಪನಿಯ ಒಂದೊಂದು ಮಾತನ್ನೂ ತೆಗೆದು ಅದೇ ಚೌಕದಲ್ಲಿ ಗಂಡನ ಮಾತನ್ನು ಕೂರಿಸಿದ್ದಳು. ಬಾಡಿಗೆ ಮನೆಗೆ ಬಂದವರು ಹಿಂದಿನವರ ಮೊಳೆಗೇ ತಮ್ಮ ಫೋಟೋ ತೂಗುಹಾಕುವ ಹಾಗೆ. ಅದರಲ್ಲಿ ಅವಳ ತಪ್ಪೇನೂ ಇಲ್ಲ. ಹಾಗೆ ಮಾಡಬಾರದು ಎಂದು ನಾವು ಯಾರೂ ಎಲ್ಲೂ ಹೇಳಿರಲಿಲ್ಲ.

ಹೊಸ ಬಂಡಲ್ ಒಂದು ಬೆಳಿಗ್ಗೆ ಹೋಯಿತು. ಮಧ್ಯಾಹ್ನದೊಳಗೆ ದೊಡ್ಡಮ್ಮನ ಫೋನ್ ಬಂತು.

"ನಿಮ್ಮ ದೊಡ್ಡಪ್ಪ ನಂಗೆ ಧನ್ಯವಾದಗಳು ಅಂದ್ರು ಕಣೇ. ನಂಗೆ ಹೆದರಿಕೆ ಆಗ್ತಿದೆ, ಬೇಗ ಬಾ."

ಹೋಗಿ ನೋಡಿದೆ. ಹಲಗೆಯ ತುಂಬ ಮತ್ತೆ ಕಂಪನಿಯ ಮಾತುಗಳು. ದೊಡ್ಡಪ್ಪ ಕುರ್ಚಿಯಲ್ಲಿ ಕೆಂಪಗಾಗಿ ಕೂತಿದ್ದರು. ನನ್ನನ್ನು ಕಂಡದ್ದೇ, ನನ್ನ ಫೋಟೋ ಇರುತ್ತಿದ್ದ ಜಾಗವನ್ನು ಒತ್ತಿದರು. "ಶುಭ ದಿನ" ಎಂದಿತು ವಾರ್ತೆಯ ಹೆಂಗಸು. ಇನ್ನೊಂದು ಒತ್ತಿದರು. "ಧನ್ಯವಾದಗಳು." ಅದನ್ನೇ ಬೆರಳಿನಿಂದ ಮೊಟಕುತ್ತ ಮೊಟಕುತ್ತ ಒತ್ತಿದರು. ಧನ್ಯವಾದಗಳು, ಧನ್ಯವಾದಗಳು, ಧನ್ಯವಾದಗಳು. ಆ ಪದವನ್ನು ಅಷ್ಟು ಕೆಟ್ಟದಾಗಿ ಯಾರೂ ಯಾರಿಗೂ ಬೈದಿರಲಾರರು. ಕೊನೆಗೆ ಟ್ಯಾಬನ್ನು ಕವುಚಿ ಹಾಕಿದರು.

ಆಫೀಸಿಗೆ ಬಂದು ಆಮೇಲಯ್ಯನ ಜನ್ಮ ಜಾಲಾಡಿದೆ. ಪಾಪ, ಅವನು ತಲೆ ತಗ್ಗಿಸಿಕೊಂಡು ಕೇಳಿದ. ಕೇಂದ್ರಗಳ ಹಲಗೆಗಳಿಗೆ ನಿತ್ಯ ಪ್ರತಿ ತೆಗೆದಿಡುತ್ತಾರೆ. ದೊಡ್ಡಪ್ಪನದು ಪ್ರಯೋಗದ ಟ್ಯಾಬ್, ಅದಕ್ಕೆ ದಿಕ್ಕುದೆಸೆ ಇರಲಿಲ್ಲ.

"ಒಂದು ಪ್ರತಿ ಇದೆ" ಎಂದ ಅವನು, ನನ್ನ ಬಾಯಿ ಸೋತ ಮೇಲೆ. "ನಿಮ್ಮ ದೊಡ್ಡಪ್ಪನ ಹಲಗೇದು. ಪರೀಕ್ಷೆಗೆ ಅಂತ ನಾನೇ ತಗೊಂಡಿದ್ದೆ. ಕೆಲಸ ಮುಗಿದ ಮೇಲೆ ಅಳಿಸಬೇಕಿತ್ತು..."

"ಅಳಿಸ್ಲಿಲ್ವಾ?"

"ಆಮೇಲೆ ಅಳಿಸೋಣ ಅಂತಿದ್ದೆ."

ಅವನನ್ನು ಹೊಡೆಯಬೇಕೋ ಮುದ್ದಾಡಬೇಕೋ ತಿಳಿಯಲಿಲ್ಲ. ಪ್ರತಿಯನ್ನು ತೆರೆದು ನೋಡಿದೆವು. ಎಲ್ಲ ಇತ್ತು. ಅವನು ಒಂದು ಚೌಕ ಒತ್ತಿದ. "ಬುದ್ಧಿ ಇದೆಯಾ ನಿಂಗೆ?" ಎಂದಳು ದೊಡ್ಡಮ್ಮ. ಅವನು ಬೆಪ್ಪಾಗಿ, "ಇದು ನಂಗೇ ಸರಿ" ಎಂದ. ಇಬ್ಬರೂ ಕೂತು ಆ ಸಾಲನ್ನು ತಿದ್ದಿದೆವು. ಟ್ರೂ ಹೋಗಿ ಫಾಲ್ಸ್ ಆಯಿತು. ಇನ್ನು ಮುಂದೆ ಗಂಟು ಬಂದರೆ ಖಾಲಿ ಜಾಗದಲ್ಲಿ ಮಾತ್ರ ತನ್ನದನ್ನು ಇಡುತ್ತದೆ. ವಾಪಸ್ ಹೋದರೂ ಮನೆಯವರದ್ದನ್ನು ಮುಟ್ಟುವುದಿಲ್ಲ.

ಗೆದ್ದವಳ ಹಾಗೆ ದೊಡ್ಡಮ್ಮನ ಮನೆಗೆ ಹೋದೆ. ದೊಡ್ಡಪ್ಪ ನಿದ್ದೆಯಲ್ಲಿದ್ದರು. ಅವಳು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು.

"ಎಲ್ಲ ಸಿಕ್ತು ದೊಡ್ಡಮ್ಮ! ಇವತ್ತೇ ವಾಪಸ್ ಹಾಕ್ತೀನಿ."

ಅವಳ ಚಾಕು ನಿಂತಿತು. "ಬೇಡ" ಎಂದಳು.

"ಏನು ಬೇಡ?"

"ಹಾಕಬೇಡ. ಈಗ ಇರೋದೇ ಇರ್ಲಿ. ನೀರು, ಊಟ, ನೋವು ಎಲ್ಲ ಇದೆಯಲ್ಲ. ಇನ್ನೇನು ಬೇಕು?"

ತಮಾಷೆ ಅಂದುಕೊಂಡೆ. ಅವಳ ಮುಖ ನೋಡಿ ನನ್ನ ನಗು ಅರ್ಧಕ್ಕೇ ನಿಂತಿತು.

"ಮದುವೆ ಆದಾಗಿಂದ ಅವರ ಬಾಯಲ್ಲಿ ಕೇಳಿದೆ, ಕೇಳ್ಬಹುದಿತ್ತು" ಎಂದಳು. "ಬೈತಾರೆ, ಹೋಗ್ಲಿ, ಅವರು ಹಾಗೇ ಅಂತ ಒಂದು ಕಿವೀಲಿ ಕೇಳಿ ಇನ್ನೊಂದು ಕಿವೀಲಿ ಬಿಡ್ತಿದ್ದೆ. ಈಗ ನನ್ನ ಧ್ವನೀಲೇ ಕೇಳಿಸುತ್ತೆ ಕಣೇ. ಬುದ್ಧಿ ಇದೆಯಾ ನಿಂಗೆ ಅಂತ ನಾನೇ ನಂಗೆ ಕೇಳ್ದ ಹಾಗೆ. ಮೊನ್ನೆ ಹಾಲು ಉಕ್ಕಿ ಚೆಲ್ಲಿತು. ಅವರು ಮಲಗಿದ್ರು, ಹಲಗೆ ಮುಚ್ಚಿತ್ತು. ನನ್ನ ಬಾಯಿಂದ ತಾನೇ ಬಂತು. ಕಣ್ಣು ಎಲ್ಲಿಟ್ಟಿದ್ದೆ ಅಂತ."

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ನೆನಪಾಗಿ ನಾಚಿಕೆಯಾಯಿತು. ಆದರೂ ನನ್ನೊಳಗೆ ಒಂದು ಮೊಂಡುತನವಿದೆ.

"ಆದ್ರೆ ದೊಡ್ಡಮ್ಮ, ಅವು ಅವರ ಮಾತು. ನಾವು ಇಟ್ಕೊಳ್ಳೋಕಾಗುತ್ತಾ?"

"ಮಾತು ಅವರದು. ಧ್ವನಿ ಯಾರದು?"

ಆ ಪ್ರಶ್ನೆಗೆ ಯಾವ ಸಾಲಿನಲ್ಲೂ ಉತ್ತರ ಬರೆಯಲು ಬರುವುದಿಲ್ಲ. ನಾನು ಬೇರೆ ದಾರಿ ಹುಡುಕಿದೆ. ಬೈಗುಳಗಳನ್ನು ನನ್ನ ಧ್ವನಿಯಲ್ಲಿ ಹಾಕಲೇ ಎಂದೆ. "ನೀನು ಬೈದ್ರೆ ನಿನ್ನ ಕಿವಿ ಹಿಂಡ್ತೀನಿ" ಎಂದಳು. ಆಮೇಲಯ್ಯನ ಧ್ವನಿಯಲ್ಲಿ? "ಯಾರೋ ಹುಡುಗ ನಂಗ್ಯಾಕೆ ಬೈಬೇಕು?" ಅದೂ ಸರಿ. ಪ್ರತಿ ಇದ್ದ ಪೆನ್‌ಡ್ರೈವನ್ನು ಚೀಲದಲ್ಲೇ ಇಟ್ಟುಕೊಂಡು ವಾಪಸ್ ಬಂದೆ. ದೊಡ್ಡಪ್ಪನ ಮಾತೆಲ್ಲ ನನ್ನ ಚೀಲದಲ್ಲಿ, ಊಟದ ಡಬ್ಬಿಯ ಪಕ್ಕದಲ್ಲಿತ್ತು. ಕೊಡಲೂ ಆಗದೆ ಇಟ್ಟುಕೊಳ್ಳಲೂ ಆಗದೆ ಕೆಲವು ದಿನ ಹಾಗೇ ಓಡಾಡಿದೆ.

ಕರೆದದ್ದು ದೊಡ್ಡಮ್ಮನೇ. ನಾನು ಹೋದಾಗ ಮನೆ ಕೊಳ್ಳೆ ಹೊಡೆದ ಹಾಗಿತ್ತು. ದೊಡ್ಡಪ್ಪನ ಕುರ್ಚಿಯ ಸುತ್ತ ನೀರಿನ ಲೋಟ, ಹೊದಿಕೆ, ಮಾತ್ರೆ ಡಬ್ಬಿ, ಕನ್ನಡಕ, ಹಳೆಯ ಪತ್ರಿಕೆಗಳು, ಚಪ್ಪಲಿ. ಬೆಳಗಿನಿಂದ ಅವರಿಗೆ ಏನೋ ಬೇಕಾಗಿತ್ತಂತೆ. "ಬೇಕು" ಎಂದು ಒತ್ತುವರು. ಇವಳು ಒಂದು ತಂದುಕೊಟ್ಟರೆ "ಬೇಡ". ಇನ್ನೊಂದು ತಂದರೆ "ಬೇಡ". ಸನ್ನೆ ಮಾಡಿದರೆ ಇವಳಿಗೆ ತಿಳಿಯಲಿಲ್ಲ. ಇಬ್ಬರೂ ಅಷ್ಟರಲ್ಲಿ ರೇಗಿದ್ದರು. ಕೊನೆಗೆ ಅವರು ಒತ್ತುವುದನ್ನೇ ಬಿಟ್ಟರಂತೆ. ನಾನು ಒಳಗೆ ಬಂದಾಗ ದೊಡ್ಡಪ್ಪನ ಎಡಗೆನ್ನೆ ಒದ್ದೆಯಾಗಿತ್ತು. ಅವರ ಕಣ್ಣಲ್ಲಿ ನೀರು ನಾನು ಅದುವರೆಗೆ ಕಂಡಿರಲಿಲ್ಲ, ನೋಡಲಾಗಲಿಲ್ಲ.

ಕುರ್ಚಿ ಗೋಡೆಯ ಕಡೆ ಇತ್ತು. ನೆಲ ಒರೆಸುವಾಗ ತಿರುಗಿಸಿದ್ದು ಹಾಗೇ ಉಳಿದಿತ್ತು. ರಸ್ತೆಯ ಕಡೆ ತಿರುಗಿಸಿದೆ. ದೊಡ್ಡಪ್ಪ ಹೋಗುವ ಬರುವ ಕಾರುಗಳನ್ನು ನೋಡುತ್ತ ದೊಡ್ಡದೊಂದು ಉಸಿರು ಬಿಟ್ಟರು. ಅಷ್ಟೇ ಬೇಕಾಗಿದ್ದದ್ದು.

ದೊಡ್ಡಮ್ಮ ಬಾಗಿಲಿಗೆ ಒರಗಿ ನಿಂತು ಅದನ್ನು ನೋಡಿದಳು.

"ಹಾಕ್ಬಿಡು" ಎಂದಳು.

"ಬೈಗುಳ ಬಿಟ್ಟು ಉಳಿದದ್ದು ಹಾಕ್ತೀನಿ ದೊಡ್ಡಮ್ಮ. ಕುರ್ಚಿ, ರೇಡಿಯೋ, ಉಪ್ಪು..."

ಅವಳಿಗೆ ಆಸೆ ಇತ್ತು, ಮುಖದಲ್ಲೇ ಕಾಣುತ್ತಿತ್ತು.

"ಬೇಡ. ಅರ್ಧ ಬಾಯಿ ಕೊಟ್ಟು ಏನು ಮಾಡೋದು? ಎಲ್ಲ ಹಾಕು. ಆದ್ರೆ ಒಂದು ಚೌಕ ನಂಗೆ ಬೇಕು."

"ನಿನಗ್ಯಾಕೆ? ನಿನಗೆ ಬಾಯಿ ಇದೆಯಲ್ಲ."

"ಅವರ ಹಲಗೇಲಿ ನಂದೊಂದು. ಅವರು ಒತ್ತೋಕೆ."

ಹಳೆಯ ಮಾತುಗಳನ್ನೆಲ್ಲ ಇಳಿಸಿ, ನಡುವೆ ಒಂದು ಬಿಳಿ ಚೌಕ ಮಾಡಿಕೊಟ್ಟೆ. ದೊಡ್ಡಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಟ್ಯಾಬನ್ನು ಅಡುಗೆಮನೆಗೆ ಒಯ್ದಳು. ಗಂಟಲು ಸರಿಮಾಡಿಕೊಂಡಳು. ಬೈಗುಳಗಳನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದ್ದವಳು ಈ ಸಲ ಹೇಳಿ, ಅಳಿಸಿ, ಮತ್ತೆ ಹೇಳಿ, ಮತ್ತೆ ಅಳಿಸಿದಳು. ಕೊನೆಗೆ ಉಳಿಸಿಕೊಂಡದ್ದು ಇಷ್ಟು:

"ಅಡುಗೆ ಚೆನ್ನಾಗಿದೆ ಕಣೇ."

ದೊಡ್ಡಪ್ಪ ಆ ಮಾತನ್ನು ಯಾವತ್ತೂ ಆಡಿದವರಲ್ಲ. ಊಟ ಮುಗಿದರೆ ತಟ್ಟೆ ದೂಡಿ ಎದ್ದು, ಕಾರಿನ ಚಕ್ರಕ್ಕೆ ಗಾಳಿ ಇದೆಯೋ ನೋಡಲು ಹೋಗುವರು. ತಟ್ಟೆ ಖಾಲಿಯಾದದ್ದೇ ಹೊಗಳಿಕೆ ಎಂದು ನಾವೆಲ್ಲ ತಿಳಿದಿದ್ದೆವು. ದೊಡ್ಡಮ್ಮನೂ ಹಾಗೇ ತಿಳಿದಿದ್ದಾಳೆ ಎಂದು ತಿಳಿದಿದ್ದೆವು.

ಹಲಗೆಯನ್ನು ಅವರ ಮುಂದಿಟ್ಟೆ. ದೊಡ್ಡಪ್ಪ ಒಂದೊಂದೇ ಚೌಕ ಒತ್ತಿ ನೋಡಿದರು, ವಾಪಸ್ ಬಂದ ಸಾಮಾನು ಎಣಿಸಿಕೊಳ್ಳುವವರ ಹಾಗೆ. "ಬಂದ್ಲಾ ಮಹಾರಾಣಿ." "ಬ್ರೇಕ್!" "ಬುದ್ಧಿ ಇದೆಯಾ ನಿಂಗೆ?" ಬಿಳಿ ಚೌಕವನ್ನೂ ಒತ್ತಿದರು. "ಅಡುಗೆ ಚೆನ್ನಾಗಿದೆ ಕಣೇ." ಬೆರಳು ಅಲ್ಲೇ ನಿಂತಿತು. ದೊಡ್ಡಮ್ಮನ ಕಡೆ ನೋಡಿದರು. ಅವಳು ಚೆಲ್ಲಾಪಿಲ್ಲಿಯಾಗಿದ್ದ ಪತ್ರಿಕೆಗಳನ್ನು ಜೋಡಿಸುತ್ತಿದ್ದಳು, ತಲೆ ಎತ್ತಲಿಲ್ಲ. ಬೇಡದ ಚೌಕವನ್ನು ಎಳೆದು ಬಿಸಾಡಲು ಅವರಿಗೆ ಬರುತ್ತದೆ, ಟೀಚರಮ್ಮ ಕಲಿಸಿದ್ದಾರೆ. ಬಿಸಾಡಲಿಲ್ಲ. ಹಾಗೇ ಬಿಟ್ಟರು.

ಅಂದು ನಾನು ಅಲ್ಲೇ ಊಟಕ್ಕೆ ಉಳಿದೆ. ದೊಡ್ಡಮ್ಮ ತಟ್ಟೆ ಇಟ್ಟು, ಹಲಗೆಯನ್ನು ಅವರ ಎಡಗೈಯ ಹತ್ತಿರ ಸರಿಸಿ ಕೂತಳು. ದೊಡ್ಡಪ್ಪ ಎರಡು ತುತ್ತು ತಿಂದರು. ಬೆರಳು ಹಲಗೆಯ ಮೇಲೆ ಹೊರಟಿತು, ಬಿಳಿ ಚೌಕದವರೆಗೆ ಬಂತು, ಒಂದು ಕ್ಷಣ ನಿಂತಿತು. ಬೆರಳು ಪಕ್ಕಕ್ಕೆ ಸರಿಯಿತು.

"ಉಪ್ಪು."

ದೊಡ್ಡಮ್ಮ ಎದ್ದು ಉಪ್ಪು ತಂದಳು. ನನಗೆ ದೊಡ್ಡಪ್ಪನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಆದರೆ ನಾನೇ ತಂದುಕೊಟ್ಟ ಬಾಯಿ. ಅದರಲ್ಲಿ ಯಾವ ಮಾತು ಬರಬೇಕು ಎಂದು ಹೇಳುವ ಅಧಿಕಾರ ನನಗಿರಲಿಲ್ಲ.

ಆಮೇಲೆ ಕಂಪನಿಯಿಂದ ಇನ್ನೊಂದು ಬಂಡಲ್ ಹೋಗುವ ದಿನ ಬಂತು. ಆಮೇಲಯ್ಯ ಈ ಸಲ ಆ ಸಾಲನ್ನು ನನಗೆ ತೋರಿಸಿ, ಮೇಲಿನವರಿಗೆ ತೋರಿಸಿ, ತಾನೂ ಜೋರಾಗಿ ಓದಿ ಕಳಿಸಿದ. ಹೊಸದು ಬಂದಿದೆ ಎಂದು ದೊಡ್ಡಮ್ಮನಿಗೂ ಫೋನಿನಲ್ಲಿ ಹೇಳಿದೆ. ಕೇಂದ್ರಗಳಿಂದ ಯಾವ ದೂರೂ ಬರಲಿಲ್ಲ. ಆದರೂ ನನ್ನ ಜೀವ ಕೇಳಲಿಲ್ಲ. ದೊಡ್ಡಪ್ಪನ ಹಲಗೆ ಇದ್ದ ಹಾಗೇ ಇದೆಯೋ ಕಣ್ಣಾರೆ ನೋಡೋಣವೆಂದು ಊಟದ ಹೊತ್ತಿಗೆ ಹೊರಟೆ.

ಮೆಟ್ಟಿಲ ಮೇಲಿರುವಾಗಲೇ ಒಳಗಿನಿಂದ ಕೇಳಿಸಿತು.

"ಅಡುಗೆ ಚೆನ್ನಾಗಿದೆ ಕಣೇ."

ನನಗೆ ಎಷ್ಟು ಖುಷಿಯಾಯಿತೆಂದರೆ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದೆ. ದೊಡ್ಡಪ್ಪನಿಗೆ ಏನಾದರೂ ಒಳ್ಳೆಯ ಮಾತು ಹೇಳಬೇಕು ಅಂದುಕೊಂಡಿದ್ದೆ. ಅವರು ರಸ್ತೆಯ ಕಡೆ ಮುಖ ಮಾಡಿದ ಕುರ್ಚಿಯಲ್ಲಿ, ಬಾಯಿ ತುಸು ತೆರೆದು, ಗಾಢ ನಿದ್ದೆಯಲ್ಲಿದ್ದರು. ಊಟ ಮುಗಿಸಿದ ಖಾಲಿ ತಟ್ಟೆ ಪಕ್ಕದ ಸ್ಟೂಲಿನ ಮೇಲಿತ್ತು.

ಅಡುಗೆಮನೆಯ ಮೇಜಿನ ಮುಂದೆ ದೊಡ್ಡಮ್ಮ ಒಬ್ಬಳೇ ಊಟಕ್ಕೆ ಕೂತಿದ್ದಳು. ಟ್ಯಾಬ್ ಅವಳ ತಟ್ಟೆಯ ಪಕ್ಕದಲ್ಲಿತ್ತು. ನನ್ನನ್ನು ಕಂಡು ಎಡಗೈ ಹಿಂದಕ್ಕೆ ಎಳೆದುಕೊಂಡಳು.

"ಹೊಸದು ಬಂದಿದೆ ಅಂದಿದ್ಯಲ್ಲ" ಎಂದಳು. "ಇದು ಅಳಿಸಿ ಹೋಯ್ತೇನೋ ಅಂತ ನೋಡ್ತಿದ್ದೆ."

"ಇದೆಯಲ್ಲ ದೊಡ್ಡಮ್ಮ" ಎಂದೆ.

"ಇದೆ" ಎಂದು ಅವಳು ತಟ್ಟೆಯ ಕಡೆ ತಿರುಗಿದಳು.